ಒಂದೇ ಮೊಳ ನೀರು

ಹೊಳೆದಂಡೆಯ ಮಠವೊಂದರಲ್ಲಿ ತ್ರಿಯಂಬಕನೆಂಬ ಶಿಷ್ಯನಿದ್ದ. ಲೆಕ್ಕದಲ್ಲಿ ಗಟ್ಟಿಗ, ಅದು ಅವನಿಗೇ ಸ್ವಲ್ಪ ಹೆಚ್ಚು ಗೊತ್ತಿತ್ತು.

ಹೊಳೆ ದಾಟುವಲ್ಲಿ ಒಂದು ಹಲಗೆ ನೆಟ್ಟಿತ್ತು. ದಿನಾ ಬೆಳಗ್ಗೆ ಅದರ ಮೇಲೆ ನೀರಿನ ಆಳ ಬರೆಯುವುದು ಅವನ ಕೆಲಸ. ಜನ ಅದನ್ನು ನಂಬಿಯೇ ಇಳಿಯುತ್ತಿದ್ದರು.

ಹೊಳೆಯ ಹರಿವನ್ನು ಅಳೆದ ಅಂಕಿಯ ವರ್ಗಮೂಲ ಎಷ್ಟೋ ಆಳ ಅಷ್ಟು ಮೊಳ. ಇದು ಗುರು ಸಿದ್ಧಮಲ್ಲಯ್ಯನವರು ಕೊಟ್ಟ ಸೂತ್ರ. ತ್ರಿಯಂಬಕ ಅದಕ್ಕೊಂದು ಪ್ರೋಗ್ರಾಂ ಬರೆದ. ವರ್ಗಮೂಲವೆಂದರೆ ಅರ್ಧದ ಘಾತ ತಾನೇ? ಗಣಿತದ ಲೈಬ್ರರಿಗೆ, ಅಂದರೆ ಯಾರೋ ಮೊದಲೇ ಬರೆದಿಟ್ಟ ಲೆಕ್ಕದ ಪ್ರೋಗ್ರಾಂಗಳ ಕಂತೆಗೆ, ಅಂಕಿ ಕೊಟ್ಟು, ಘಾತದ ಜಾಗದಲ್ಲಿ 1/2 ಎಂದು ಬರೆದ.

ಉತ್ತರ ಬಂತು: ಒಂದು.

ಬೇಸಿಗೆಯಿಡೀ ಹಾಗೇ ಬಂತು. ಹೊಳೆಯಲ್ಲೂ ಒಂದೇ ಮೊಳ ನೀರಿತ್ತು.

ಒಂದು ಬೆಳಗ್ಗೆ, ಎಲ್ಲೋ ಮೇಲೆ ಸುರಿದ ಮಳೆಗೆ ಹರಿವು ನಲವತ್ತೊಂಬತ್ತಾಯಿತು. ಉತ್ತರ: ಒಂದು.

ಅವನು ಹಲಗೆಯ ಮೇಲೆ ಬರೆದ. ಆಮೇಲೆ ಯಾಕೋ ತನ್ನ ವಯಸ್ಸು ಕೊಟ್ಟು ನೋಡಿದ. ಒಂದು. ತೀರಿಹೋದ ತಾಯಿಯ ವಯಸ್ಸು ಕೊಟ್ಟ. ಒಂದು.

ಅವನ ಮೈ ಜುಮ್ಮೆಂದಿತು. ಗುರುಗಳ ಬಳಿಗೆ ಓಡಿದ.

"ಬುದ್ಧೀ, ಏನು ಕೇಳಿದರೂ ಒಂದೇ ಅನ್ನುತ್ತಿದೆ. ಎಲ್ಲವೂ ಒಂದೇ!"

"ಹಲಗೆಯ ಮೇಲೆ ಏನು ಬರೆದೆ?"

"ಒಂದು ಮೊಳ."

ಗುರುಗಳು ಬಿದಿರಿನ ಗಳವೊಂದನ್ನು ಎತ್ತಿಕೊಂಡು ಹೊಳೆಯತ್ತ ನಡೆದೇಬಿಟ್ಟರು.

ದಂಡೆಯಲ್ಲಿ ಮಂಜು ಕವಿದಿತ್ತು. ಅಷ್ಟು ನೀರು ಹರಿಯುತ್ತಿತ್ತು, ಸದ್ದೇ ಇರಲಿಲ್ಲ. ಆಚೆ ದಡದ ಮಗಳ ಮನೆಗೆ ಹೊರಟ ಮುದುಕಿ ನಿಂಗಾಜಮ್ಮ ಗಂಟು ತಲೆಯ ಮೇಲಿಟ್ಟು ಒಂದು ಕಾಲು ಇಳಿಸಿದ್ದಳು.

"ಇವತ್ತೂ ಒಂದೇ ಮೊಳ ಅಂದ್ರಲ್ಲಾ ಸಾಮಿ?"

"ನೀನು ಮೇಲೆ ಬಾರವ್ವ. ಮೊದಲು ಬರೆದವನು ಇಳಿಯಲಿ."

ತ್ರಿಯಂಬಕ ಇಳಿದ. ಮೂರನೆಯ ಹೆಜ್ಜೆಗೆ ನೆಲ ಸಿಗಲಿಲ್ಲ.

ಒಳಗೆ ಮೇಲು ಕೆಳಗು ಇರಲಿಲ್ಲ. ನೀರೆಲ್ಲಿ ಮುಗಿಯಿತು, ತಾನೆಲ್ಲಿ ಶುರುವಾದೆ, ತಿಳಿಯಲಿಲ್ಲ. ಎದೆಗೆ ಬಿದಿರು ತಾಗಿತು. ತಬ್ಬಿಕೊಂಡ.

ಕೆಮ್ಮುತ್ತ ದಂಡೆಯ ಮೇಲೆ ಕುಳಿತ.

"ಲೈಬ್ರರಿ ಸುಳ್ಳು ಹೇಳಿತಲ್ಲ, ಬುದ್ಧೀ!"

"ಅದು ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿತು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ನೀನು ಪ್ರೋಗ್ರಾಂ ಬರೆಯುವ ಭಾಷೆ ಬಿಂದುವಿನಾಚೆಯ ಚೂರನ್ನು ಬಿಸಾಡುತ್ತದೆ. ನಿನ್ನ ಅರ್ಧ ಲೈಬ್ರರಿಯ ಬಾಗಿಲಿಗೆ ಹೋಗುವಷ್ಟರಲ್ಲಿ ಸೊನ್ನೆಯಾಗಿತ್ತು. ಘಾತ ಸೊನ್ನೆಯಾದರೆ ಯಾವ ಅಂಕಿಯಾದರೂ ಒಂದೇ."

ತ್ರಿಯಂಬಕ ಒದ್ದೆ ಅಂಗೈಯಿಂದ ಹಲಗೆ ಒರೆಸಿದ. ನಿಂಗಾಜಮ್ಮನ ಮುಖ ನೋಡಲು ಅವನಿಗೆ ನಾಚಿಕೆಯಾಯಿತು.

"ಆದರೆ ಬುದ್ಧೀ, ಎಲ್ಲವೂ ಒಂದೇ ಎಂದು ಕಂಡಾಗ ಮೈ ಜುಮ್ಮೆಂದಿತಲ್ಲ. ಅದೂ ಸುಳ್ಳೇ?"

ಗುರುಗಳು ಗಳವನ್ನು ದಂಡೆಗೆ ಎಳೆದುಕೊಂಡರು.

"ಎಲ್ಲವೂ ಒಂದೇ ಎಂದು ಹೊಳೆಯೂ ಹೇಳುತ್ತದೆ, ಮಗು. ಮುಳುಗಿದವರಿಗೆ."