ಛತ್ರ ಖಾಲಿ ಮಾಡಿಸಿದ ಸಾಹುಕಾರ

"ಗುರುಗಳೇ, ಹೊಟ್ಟೆಯೊಳಗೆ ಕೋಟಿಗಟ್ಟಲೆ ಕ್ರಿಮಿಗಳು ಬೀಡುಬಿಟ್ಟಿವೆಯಂತೆ. ರೋಗ ತಡೆಯುವ ಕಾವಲೊಂದು ದೇಹದಲ್ಲಿದೆ ಎಂದು ನೀವೇ ಹೇಳುತ್ತೀರಿ. ಅದು ಇವನ್ನೆಲ್ಲ ಹೊಡೆದು ಓಡಿಸದೆ ಏಕೆ ಸುಮ್ಮನಿದೆ? ನಿದ್ದೆ ಹೊಡೆಯುತ್ತಿದೆಯೇ?"

ಕೇಳಿದವನು ಅಡಿವೆಯ್ಯ, ಮಠದ ಶಿಷ್ಯ. ಪೇಟೆಯಲ್ಲಿ ಯಾರೋ ಈ ಕ್ರಿಮಿಗಳ ಸುದ್ದಿ ಹೇಳಿದಂದಿನಿಂದ ಅವನಿಗೆ ತನ್ನ ಹೊಟ್ಟೆಯ ಮೇಲೇ ನಂಬಿಕೆ ಹೋಗಿತ್ತು. ನೀರು ಕುದಿಸಿ ಕುಡಿದ. ಅದು ಸರಿಯೇ. ಆಮೇಲೆ ಮಜ್ಜಿಗೆಯನ್ನೂ ಕುದಿಸತೊಡಗಿದ. ಅದು ಒಡೆದು ಗಟ್ಟಿ ಬೇರೆ, ನೀರು ಬೇರೆ ಆದಾಗ, "ನೋಡಿ, ಸತ್ತ ಕ್ರಿಮಿಯೆಲ್ಲ ಮೇಲೆ ಬಂತು!" ಎಂದು ಅಡುಗೆಯವರನ್ನು ಕರೆದು ತೋರಿಸಿದ. ಸೊಪ್ಪು ಬಿಟ್ಟ, ಕಾಳು ಬಿಟ್ಟ, ಬರೀ ಬಿಳಿ ಗಂಜಿಗೆ ಬಂದು ನಿಂತ. ಹೊಟ್ಟೆ ಶುದ್ಧವಾಗಲಿಲ್ಲ, ಕೆಟ್ಟಿತು. ಕೆನ್ನೆ ಒಳಗೆ ಹೋಯಿತು, ಪಂಚೆ ಸೊಂಟದಲ್ಲಿ ನಿಲ್ಲದಾಯಿತು.

ಕೊನೆಗೆ ಅವನು ವೈದ್ಯರ ಹತ್ತಿರವೂ ಹೋಗದೆ ಔಷಧಿ ಅಂಗಡಿಯವನನ್ನೇ ಕಾಡಿ ಬೇಡಿ, ಒಂದೇ ಒಂದು ಕ್ರಿಮಿಯೂ ಉಳಿಯಬಾರದು ಎಂದು ಜೋರಿನ ಗುಳಿಗೆ ತಂದಿದ್ದ. ಅಂದಿನ ಊಟವಾದ ಮೇಲೆ ನುಂಗಲು ಶುರುಮಾಡುವುದೆಂದು ಗಟ್ಟಿ ಮಾಡಿದ್ದ. ಗುರುಗಳಿಗೆ ಇದನ್ನು ಹೇಳಿರಲಿಲ್ಲ. ಆದರೆ ಕೈ ಮಾತ್ರ ಗಳಿಗೆಗೊಮ್ಮೆ ಜೋಳಿಗೆಯನ್ನು ಮುಟ್ಟಿ ನೋಡುತ್ತಿತ್ತು. ಮುಟ್ಟಿದಾಗಲೆಲ್ಲ ಒಳಗೆ ಗುಳಿಗೆಯ ಪಟ್ಟಿ ಚರಚರ ಎನ್ನುತ್ತಿತ್ತು.

ಗುರುಗಳು ಜೋಳಿಗೆಯನ್ನು ನೋಡಿದರು. ಅವನ ಮುಖವನ್ನೂ ನೋಡಿದರು. "ಮೊದಲು ಕೂತುಕೋ ಮಾರಾಯ, ನಿಂತರೆ ಬಿದ್ದುಬಿಡುತ್ತೀ" ಎಂದು ಹೇಳಿ ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಸಾಹುಕಾರ ಇದ್ದ. ಅವನದೊಂದು ಛತ್ರ. ಭಾರಿ ಉದ್ದದ ಛತ್ರ ಅದು. ಈ ಬಾಗಿಲಿಂದ ಹೊಕ್ಕವರು ತಿರುಗಿ ತಿರುಗಿ ಆ ಬಾಗಿಲಿಂದ ಹೊರಬೀಳಬೇಕು. ದಾರಿಹೋಕರು ಬರುತ್ತಿದ್ದರು, ಹೋಗುತ್ತಿದ್ದರು. ದವಸದ ಗಾಡಿ ದಿನಾ ಬರುತ್ತಿತ್ತು. ಇವರಲ್ಲದೆ ಅಲ್ಲೇ ಬೇರುಬಿಟ್ಟ ಜನ ಬೇರೆ ಇದ್ದರು. ಮೂಲೆಮೂಲೆಗೂ ಅವರ ಚಾಪೆ. ಅಡುಗೆಮನೆಯವರು ಬೇಡವೆಂದು ಬಿಸಾಡಿದ ಹೊಟ್ಟು, ತೌಡು ಅವರ ಪಾಲಿಗೆ. ಒಂದಿಷ್ಟು ತಿನ್ನುತ್ತಿದ್ದರು, ಉಳಿದದ್ದನ್ನು ಮಣ್ಣಿಗೆ ಕಲಸಿ ಗೋಡೆಗೆ ಮೆತ್ತುತ್ತಿದ್ದರು. ಅದಕ್ಕೇ ಗೋಡೆ ನಿಂತಿತ್ತು. ಸಾಹುಕಾರನಿಗೆ ಇದು ಗೊತ್ತಿರಲಿಲ್ಲ.

ಬಾಗಿಲಲ್ಲಿ ಒಬ್ಬ ಮುದಿ ಕಾವಲುಗಾರ. ಬಂದವರ ಗಂಟಿನಿಂದ ಒಂದು ಚಿಟಿಕೆ ತೆಗೆದು ಮೂಸುವುದು ಅವನ ಪದ್ಧತಿ. "ಇದು ಕಡಲೆಕಾಯಿ, ಇದಕ್ಕೆ ದೊಣ್ಣೆ ಎತ್ತಬಾರದು. ಇದು ಕನ್ನದ ಗುದ್ದಲಿಯ ತುಕ್ಕು, ಇದಕ್ಕೆ ಎತ್ತಬೇಕು" ಎಂದು ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದ. ಒಳಗಿನವರಲ್ಲಿ ಯಾರಾದರೂ ಉಗ್ರಾಣದ ಕಡೆ ಮೆಲ್ಲಗೆ ಜರುಗಿದರೆ ಅವರ ಬೆನ್ನಿಗೆ ಒಂದು ಬೆರಳು ಸುಣ್ಣ ಬಳಿಯುತ್ತಿದ್ದ, ಅಷ್ಟೆ. ಏಟಿಲ್ಲ, ಬೈಗುಳವಿಲ್ಲ. ಸುಣ್ಣ ಹತ್ತಿದವನಿಗೆ ಉಗ್ರಾಣದ ಬಾಗಿಲು ತೆರೆಯುತ್ತಿರಲಿಲ್ಲ. ಅವನು ಪೆಚ್ಚಾಗಿ ತನ್ನ ಚಾಪೆಗೆ ವಾಪಸು ಬರುತ್ತಿದ್ದ. ಇನ್ನು ನಿಜವಾದ ಕಳ್ಳರು ಬಂದರೆ ದೊಣ್ಣೆಯ ರುಚಿ ತೋರಿಸುತ್ತಿದ್ದ. ಆದರೆ ಅವರು ಬರುವುದೇ ಅಪರೂಪ. ಬಂದರೂ ಕಾಲು ಚಾಚಲು ಜಾಗ ಎಲ್ಲಿತ್ತು?

ಒಂದು ದಿನ ಸಾಹುಕಾರ ಛತ್ರ ನೋಡಲು ಬಂದ. ಚಾಪೆಗಳನ್ನು ಕಂಡು ಹೌಹಾರಿದ. "ಅಯ್ಯಯ್ಯೋ, ಇಷ್ಟೊಂದು ಜನ ಬಿಟ್ಟಿ ಬಿದ್ದಿದ್ದಾರಲ್ಲ! ಈ ಕಾವಲುಗಾರ ಕತ್ತೆ ಕಾಯುತ್ತಿದ್ದಾನೋ?" ಎಂದು ಕೂಗಾಡಿ, ಪೇಟೆಯಿಂದ ಒಬ್ಬ ಪೈಲ್ವಾನನನ್ನು ಕರೆಸಿದ. ಪೈಲ್ವಾನ ಮೂಸಲಿಲ್ಲ, ಕೇಳಲಿಲ್ಲ. ಸಿಕ್ಕವರನ್ನು ಸಿಕ್ಕ ಹಾಗೆ ಬಡಿದು ಹೊರಗೆ ಹಾಕಿದ. ಛತ್ರ ಗುಡಿಸಿದಂತಾಯಿತು. ಅವನು ಮೀಸೆ ತಿರುವಿ, ಶಾಲು ಹೊದೆಸಿಕೊಂಡು ಹೊರಟುಹೋದ. ಸಾಹುಕಾರನಿಗೆ ಹಿಡಿಸಲಾರದಷ್ಟು ಖುಷಿ.

ಸ್ವಲ್ಪ ದಿನಕ್ಕೆ ಗೋಡೆಯ ಮಣ್ಣು ಉದುರಿತು. ಮೆತ್ತುವವರು ಯಾರು? ಉದುರಿದ ಕಡೆಯಿಂದ ಕಳ್ಳರು ನುಗ್ಗಿದರು. ಖಾಲಿ ಮೂಲೆಗಳನ್ನು ಕಂಡು, ತಮಗಾಗಿಯೇ ಗುಡಿಸಿಟ್ಟಿದ್ದಾರೆ ಎಂದುಕೊಂಡು ಆರಾಮಾಗಿ ಗೊರಕೆ ಹೊಡೆದರು. ಇತ್ತ ಮುದುಕನಿಗೆ ಮನೆ ಭಣಭಣ ಎಂದು ತಲೆ ಕೆಟ್ಟಿತು. ಎಲೆ ಅಲುಗಿದರೂ ದೊಣ್ಣೆ ಎತ್ತಿದ. ಎಷ್ಟೋ ವರ್ಷದಿಂದ ಬರುತ್ತಿದ್ದ ಕಡಲೆಕಾಯಿಯವಳ ಬುಟ್ಟಿಗೆ ಬಾರಿಸಿ, ಊರೆಲ್ಲ ಕೇಳುವ ಹಾಗೆ ಕಹಳೆ ಊದಿದ. ದವಸದ ಗಾಡಿಯವನು ಮರ ಹತ್ತಿ ಕೂತ. ಏನು ಗಲಾಟೆ ಎಂದು ಸಾಹುಕಾರನೇ ಓಡಿ ಬಂದ. ಬಾಗಿಲು ದಾಟಿದ್ದೇ ತಡ, ಧಡ್ ಎಂದು ಬೆನ್ನಿಗೆ ಬಿತ್ತು.

"ಲೋ, ಕಣ್ಣು ಕಾಣುವುದಿಲ್ಲವೇನೋ? ನಾನು ಕಣೋ, ನಿನ್ನ ಯಜಮಾನ!"

"ತಪ್ಪಾಯಿತು ಧಣಿ," ಎಂದ ಮುದುಕ. ದೊಣ್ಣೆ ಕೆಳಗಿಟ್ಟು ಅತ್ತೇಬಿಟ್ಟ. "ಮನೆ ತುಂಬ ಜನ ಇದ್ದಾಗ ದಿನಾ ಅವರ ನಡುವೆ ಓಡಾಡಿ ನಮ್ಮವರು ಯಾರು, ಕಳ್ಳರು ಯಾರು ಎಂದು ಕಲಿಯುತ್ತಿದ್ದೆ. ಈಗ ಯಾರನ್ನು ನೋಡಿ ಕಲಿಯಲಿ? ಈ ಖಾಲಿ ಮನೆಯಲ್ಲಿ ನಿಮ್ಮ ಹೆಜ್ಜೆಯೂ ಕಳ್ಳನ ಹೆಜ್ಜೆಯ ಹಾಗೇ ಕೇಳಿಸುತ್ತದೆ."

ಸಾಹುಕಾರ ಬೆನ್ನು ಹಿಡಿದುಕೊಂಡೇ ಊರೂರು ಅಲೆದ. ಒಂದು ಕೈಯಲ್ಲಿ ಮಜ್ಜಿಗೆಯ ಗಡಿಗೆ, ಇನ್ನೊಂದರಲ್ಲಿ ಹೊಟ್ಟಿನ ಬುಟ್ಟಿ. ಹೊರಹಾಕಿದವರ ಕೈಕಾಲು ಹಿಡಿದು ಕರೆದ. ಕೆಲವರು ಬಂದರು, ಕೆಲವರು ಬರಲೇ ಇಲ್ಲ. ಗೋಡೆ ಮತ್ತೆ ಗಟ್ಟಿಯಾಗಲು ಬಹಳ ಕಾಲ ಹಿಡಿಯಿತು.

ಅಡಿವೆಯ್ಯ ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣು ಒರೆಸಿಕೊಂಡು, "ಎಂಥ ಪೆದ್ದ ಸಾಹುಕಾರ! ಅಲ್ಲ ಗುರುಗಳೇ, ಆ ಪೈಲ್ವಾನ ಈಗ ಎಲ್ಲಿದ್ದಾನೆ?" ಎಂದು ಕೇಳಿದ.

ಗುರುಗಳು ಹೇಳಿದರು: "ನಿನ್ನ ಜೋಳಿಗೆಯಲ್ಲಿ ಕೂತು, ಊಟ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದಾನೆ."

ಅಡಿವೆಯ್ಯ ಜೋಳಿಗೆಯನ್ನು ಮೆಲ್ಲಗೆ ತನ್ನಿಂದ ದೂರ ಸರಿಸಿದ. ಒಳಗೆ ಗುಳಿಗೆಯ ಪಟ್ಟಿ ಚರಚರ ಎಂದಿತು.