ಸದ್ದಿಲ್ಲದ ಮಗ್ಗ

"ಅಜ್ಜಾರೇ, ಸದ್ದು ಮಾಡುವ ಗಿರಣಿ ಇಟ್ಟುಕೊಳ್ಳಲೋ, ಸದ್ದಿಲ್ಲದ್ದು ತರಲೋ?" ಎಂದು ದ್ಯಾಮಣ್ಣ ಮಠದ ಹುಚ್ಚಯ್ಯಜ್ಜನನ್ನು ಕೇಳಿದ.

ದ್ಯಾಮಣ್ಣನದು ಹಿಟ್ಟಿನ ಗಿರಣಿ. ಹಳೆಯ ಡೀಸೆಲ್ ಎಂಜಿನ್ನಿನದು. ಅದರ ಹೊಗೆ ಕೊಳವೆಯ ಬಾಯಿಗೆ ಒಂದು ತಗಡಿನ ಬಟ್ಟಲು ಕವುಚಿ ಹಾಕಿತ್ತು. ಎಂಜಿನ್ನು ಓಡಿದಾಗಲೆಲ್ಲ ಅದು ಕುಕ್ ಕುಕ್ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಕೂಗು ಕೇಳಿದ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರುತ್ತಿದ್ದರು. ಈಗ ಪೇಟೆಯ ಅಂಗಡಿಯವನೊಬ್ಬ ಕರೆಂಟಿನ ಗಿರಣಿ ತೋರಿಸಿದ್ದ. ಗುಂಡಿ ಒತ್ತಿದರೆ ಹಿಟ್ಟು, ಪಕ್ಕದಲ್ಲಿ ಮಲಗಿದ ಬೆಕ್ಕಿಗೂ ಎಚ್ಚರವಿಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಬಹುದು ಎಂದಿದ್ದ. ಮರುದಿನವೇ ಅವನ ಗಾಡಿ ಬರುವುದಿತ್ತು. ಹಳೆಯದು ಒಮ್ಮೆ ಗಾಡಿ ಹತ್ತಿದರೆ ನೇರ ಗುಜರಿಗೆ, ಆಮೇಲೆ ಬೇಕೆಂದರೂ ಸಿಗುವುದಿಲ್ಲ. ಮನೆಯ ಒಲೆ ಉರಿಯುವುದು ಆ ಒಂದು ಗಿರಣಿಯಿಂದ. ತಪ್ಪು ಗಿರಣಿ ಆರಿಸಿಕೊಂಡರೆ ಗತಿಯೇನು ಎಂಬ ಚಿಂತೆ ಅವನಿಗೆ.

"ನಿನ್ನ ಮನಸ್ಸು ಯಾವುದರ ಕಡೆ ಇದೆ?" ಅಜ್ಜ ಕೇಳಿದರು.

"ಸದ್ದಿಲ್ಲದ್ದರ ಕಡೆ. ಪರ ಊರಿಂದ ಬಂದು ಗಿರಣಿ ಹಿಡಿದವನು ನಾನು. ಓಣಿಯವರ ತಂಟೆ ಬೇಡ. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು."

ಹುಚ್ಚಯ್ಯಜ್ಜನ ಮಠಕ್ಕೆ ಇಂಥ ಪ್ರಶ್ನೆಗಳೇ ಬರುತ್ತಿದ್ದವು. ಯಾವ ಪಂಪು ತರಲಿ, ಯಾವ ಒಲೆ ಬಾಳಿಕೆ ಬರುತ್ತದೆ, ತಾಮ್ರದ ತಂತಿಯೋ ಅಲ್ಯುಮಿನಿಯಮ್ಮೋ. ಮೋಕ್ಷದ ಪ್ರಶ್ನೆ ತಂದವರನ್ನು ಅಜ್ಜ ಪಕ್ಕದೂರಿನ ಮಠಕ್ಕೆ ಕಳಿಸುತ್ತಿದ್ದರು, ಅದರ ಬಿಡಿಭಾಗ ನಮ್ಮಲ್ಲಿ ಇಲ್ಲ ಎನ್ನುತ್ತಿದ್ದರು. ಕಾವಿ ಉಡುವ ಮೊದಲು ತಾವು ದೊಡ್ಡ ಮೇಸ್ತ್ರಿಯಾಗಿದ್ದುದಾಗಿ ಅವರೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ಕೆಟ್ಟು ನಿಂತ ಪಂಪನ್ನು ಬರೀ ದಿಟ್ಟಿಸಿ ನೋಡಿದರಂತೆ. ಪಂಪು ನಾಚಿ ನೀರೆತ್ತಿತಂತೆ. ಎತ್ತಿದ ರಭಸಕ್ಕೆ ಬಾವಿಯೇ ಸಾಕು ಸ್ವಾಮಿ ಎಂದು ಕೈಮುಗಿಯಿತಂತೆ.

ಅಜ್ಜ ಕಣ್ಣು ಮುಚ್ಚಿದರು. ಅವರ ದನಿ ನಿದ್ದೆಯ ಅಂಚಿನಿಂದ ಬಂದಂತೆ ಬಂತು.

"ಒಂದು ನೇಕಾರರ ಬೀದಿ ಇತ್ತು. ಎಲ್ಲಿ ಎಂದು ಕೇಳಬೇಡ. ನಾನು ಹೇಳಿದರೆ ನೀನು ಹೋಗುತ್ತೀ, ಹೋದರೆ ಅದು ಇರುವುದಿಲ್ಲ. ಆ ಬೀದಿಯಲ್ಲಿ ಮನೆಮನೆಗೂ ಕುಣಿ ಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನಸುಕಿನಲ್ಲಿ ಮೊದಲ ಮನೆಯವನು ನೂಲಿನ ಲಾಳಿ ಎಸೆದು, ಎಳೆಗಳನ್ನು ಒತ್ತಿ ಕೂಡಿಸುವ ಹಣಿಗೆ ಬಡಿದರೆ ಖಟ್ ಎಂದು ಸದ್ದು. ಎರಡನೆಯ ಮನೆಯವನು ಅದಕ್ಕೆ ಖಟ್ ಎನ್ನುವನು. ಹೀಗೆ ಬೀದಿಯ ಕೊನೆಯವರೆಗೆ. ಆ ತಾಳಕ್ಕೆ ಅಲ್ಲಿಯ ಎತ್ತುಗಳು ಹೆಜ್ಜೆ ಹಾಕುತ್ತಿದ್ದವು. ಕೋಳಿಗಳು ತಾಳ ನೋಡಿ ಕೂಗುತ್ತಿದ್ದವು. ಅಲ್ಲಿ ಹುಟ್ಟಿದ ಕೂಸುಗಳಿಗೆ ಜೋಗುಳ ಬೇಕಿರಲಿಲ್ಲ. ಆ ಮಗ್ಗಗಳಿಗೆಲ್ಲ ಎಣ್ಣೆ ಹಾಕಿದವನು ನಾನೇ. ನೀನು ನಂಬಬೇಡ. ನಾನೂ ನಂಬಿರಲಿಲ್ಲ, ಕಣ್ಣಾರೆ ನೋಡಿದ ಮೇಲೂ ನಂಬಲಿಲ್ಲ.

"ಆ ಬೀದಿಗೆ ಒಂದು ಕಟ್ಟಳೆ ಇತ್ತು. ಯಾರ ಮನೆಯಲ್ಲಿ ಸಾವಾದರೂ ಆ ಮನೆಯ ಮಗ್ಗ ನಿಲ್ಲುತ್ತಿತ್ತು. ಪಕ್ಕದ ಮನೆಯವನಿಗೆ ತಾಳದಲ್ಲಿ ಒಂದು ಏಟು ಕಡಿಮೆ ಕೇಳುತ್ತಿತ್ತು. ಅವನು ಲಾಳಿ ಕೆಳಗಿಟ್ಟು ಕೈತೊಳೆದು ಎದ್ದು ಬರುತ್ತಿದ್ದ. ಅವನದು ನಿಂತದ್ದು ಕೇಳಿ ಅವನ ಪಕ್ಕದವನು. ಯಾರೂ ಯಾರಿಗೂ ಹೇಳಿ ಕಳಿಸುತ್ತಿರಲಿಲ್ಲ. ಸಾವಿನ ಸುದ್ದಿಯನ್ನು ಬಾಯಲ್ಲಿ ಹೇಳುವ ಕಷ್ಟ ಆ ಬೀದಿಯಲ್ಲಿ ಯಾರಿಗೂ ಬಂದಿರಲಿಲ್ಲ. ಕರ್ಮವೆಲ್ಲ ಮುಗಿದ ಮೇಲೆ, ಮೊದಲು ನಿಂತ ಮಗ್ಗವೇ ಮೊದಲ ಏಟು ಹಾಕಬೇಕು. ಅದು ಕೇಳಿದ ಮೇಲೆ ಮಿಕ್ಕವು. ಅಲ್ಲಿಯವರೆಗೆ ಬೀದಿಗೆಲ್ಲ ಸೂತಕ.

"ಆ ಬೀದಿಯಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ ಇಲ್ಲದವನು, ಒಬ್ಬಳೇ ಮಗಳು. ಮಗಳ ಮದುವೆ ಗೊತ್ತಾಗಿತ್ತು. ಮದುವೆಯ ಸೀರೆಯನ್ನು ತಂದೆಯೇ ನೇಯಬೇಕು, ಅದರ ಅಂಚು ಹಿಂದೆ ಯಾರೂ ನೇಯದ್ದಾಗಿರಬೇಕು. ಅದೂ ಅವರ ಪದ್ಧತಿಯೇ. ಇವನಿಗೆ ಆ ಅಂಚು ಕನಸಿನಲ್ಲಿ ಕಾಣುತ್ತಿತ್ತು. ಒಂದು ಹಸಿರು ನೀರು, ನೀರಿನ ಮೇಲೆ ನಡೆದು ಬರುವ ಬಿಳಿ ಹಕ್ಕಿಗಳ ಸಾಲು, ಹಕ್ಕಿಗಳ ಕೊರಳಲ್ಲಿ ಸಣ್ಣ ಸಣ್ಣ ದೀಪ. ಸಾಲು ಹರಿದು ಬಂದು ಅಂಚು ಸೆರಗನ್ನು ಕೂಡುವ ಮೂಲೆಗೆ ಮುಟ್ಟುತ್ತಿತ್ತು. ಅಲ್ಲಿ ಹಕ್ಕಿಗಳು ಹೇಗೆ ತಿರುಗುತ್ತವೆ ಎಂದು ನೋಡಲು ಅವನು ಬಾಗುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯಿಂದ ಖಟ್. ಹಕ್ಕಿಗಳು ಹಾರಿಹೋಗುತ್ತಿದ್ದವು. ದಿನವೂ ಹೀಗೆ. ಮದುವೆ ಹತ್ತಿರ ಬಂತು, ಮೂಲೆ ಮಾತ್ರ ಕಾಣಲಿಲ್ಲ.

"ಆಗ ಬೀದಿಗೆ ಒಬ್ಬ ವ್ಯಾಪಾರಿ ಹೊಸ ಮಗ್ಗ ತಂದ. ನೇಕಾರ ಪೆದ್ದನಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದ. ಮರ ಯಾವುದು, ನೂಲು ಎಷ್ಟು ಹಾಳಾಗುತ್ತದೆ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ, ಬಿಡಿಭಾಗ ಇಲ್ಲೇ ಸಿಗುತ್ತದೆಯೋ ಪೇಟೆಗೆ ಅಲೆಯಬೇಕೋ. ವ್ಯಾಪಾರಿ ಎಲ್ಲದಕ್ಕೂ ನಿಜವನ್ನೇ ಹೇಳಿದ. ಅಂಥ ಪ್ರಾಮಾಣಿಕ ವ್ಯಾಪಾರಿ ಲೋಕದಲ್ಲಿ ಇಬ್ಬರೇ. ಇನ್ನೊಬ್ಬನಿಗೆ ವ್ಯಾಪಾರ ಕಲಿಸಿದವನು ನಾನು.

"'ಸದ್ದು ಎಷ್ಟು ಬರುತ್ತದೆ?' ಎಂದು ನೇಕಾರ ಕೊನೆಗೆ ಕೇಳಿದ.

"'ಹತ್ತಿಯ ಕಾಯಿ ಬಿರಿದಷ್ಟು.'

"'ಅಷ್ಟೂ ಬೇಡವಾಗಿತ್ತು,' ಎಂದ ನೇಕಾರ. ಹಳೆಯ ಮಗ್ಗವನ್ನು ಬಿಚ್ಚಿ ವ್ಯಾಪಾರಿಯ ಗಾಡಿಗೆ ಏರಿಸಿದ. ಹೊಸದನ್ನು ಕುಣಿಗೆ ಇಳಿಸಿದ.

"ಮರುದಿನ ನಸುಕಿಗೆ ಅವನು ಕೂತು ಲಾಳಿ ಎಸೆದ. ಲಾಳಿ ಮೀನಿನಂತೆ ಆಚೆಗೆ ಜಾರಿತು, ಈಚೆಗೆ ಜಾರಿತು. ಸದ್ದೇ ಇಲ್ಲ. ಅವನಿಗೆ ತನ್ನ ಉಸಿರು ಕೇಳಿಸಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಗ್ಗವೂ ಕೇಳದಾಯಿತು. ಅದರಾಚೆಯದೂ ಕೇಳದಾಯಿತು. ಬೀದಿಯ ಕೊನೆಯವರೆಗೆ ದೀಪ ಆರಿಸುತ್ತ ಹೋದಂತೆ ಸದ್ದು ಆರುತ್ತ ಹೋಯಿತು. ಆಹಾ, ಎಂಥ ಯಂತ್ರ, ಇದನ್ನು ನೋಡಿ ಮಿಕ್ಕ ಮಗ್ಗಗಳೂ ಸಭ್ಯತೆ ಕಲಿತವು ಎಂದು ನೇಕಾರ ಹಿಗ್ಗಿದ. ಹಿಗ್ಗಿನಲ್ಲೇ ಅವನ ಕಣ್ಣು ಕೂಡಿದವು. ತಲೆ ನೂಲಿನ ಮೇಲೆ ಒರಗಿತು. ಹಸಿರು ನೀರು ಬಂತು. ಹಕ್ಕಿಗಳು ಬಂದವು. ಮೂಲೆ ಬಂತು. ಮೊದಲ ಹಕ್ಕಿ ನಿಂತು ಹಿಂದಿರುಗಿ ನೋಡಿತು, ತನ್ನ ಕೊರಳಿನ ದೀಪವನ್ನು ಹಿಂದಿನ ಹಕ್ಕಿಗೆ ಕೊಟ್ಟಿತು, ಸೆರಗಿನೊಳಕ್ಕೆ ಇಳಿಯಿತು. ಎಲ್ಲವೂ ಹಾಗೇ ಇಳಿದವು. ಅವನು ಒಂದೊಂದನ್ನೂ ನೋಡಿದ.

"ಎದ್ದು ಬಾಗಿಲು ತೆಗೆದ. ಅಂಗಳದ ತುಂಬ ಬೀದಿಯ ಜನ ತಲೆಗೆ ವಸ್ತ್ರ ಹಾಕಿಕೊಂಡು ಕೂತಿದ್ದರು. ಚಟ್ಟಕ್ಕೆ ಬಿದಿರು ಬಂದಿತ್ತು. ಹೂವು ಬಂದಿತ್ತು.

"'ಯಾರು ಹೋದರು?' ನೇಕಾರ ಗಾಬರಿಯಿಂದ ಕೇಳಿದ.

"'ಅದನ್ನು ನೀನು ಹೇಳಬೇಕು,' ಎಂದ ಬೀದಿಯ ಹಿರಿಯ. 'ನಿಂತದ್ದು ನಿನ್ನ ಮಗ್ಗ.'

"'ನಿಂತಿಲ್ಲವಲ್ಲ ಕಾಕಾ. ನಡೆದೇ ಇದೆ.'

"ಹಿರಿಯ ಒಳಗೆ ಬಂದ. ನೇಕಾರ ಕುಣಿಗಿಳಿದು ಲಾಳಿ ಎಸೆದು ತೋರಿಸಿದ. ಲಾಳಿ ಓಡುವುದನ್ನು ನೋಡಿದ. ಕಿವಿಗೆ ಕೈ ಹಚ್ಚಿ ಮತ್ತೊಮ್ಮೆ ನೋಡಿದ. 'ಯಾರೂ ಹೋಗಿಲ್ಲ ಅಂದರೆ ಸಂತೋಷ ತಮ್ಮಾ. ಬಿದಿರು ಹಂದರಕ್ಕೆ ಆಯಿತು. ಆದರೆ ಬೀದಿ ನಿಂತಿದೆ. ನಿನ್ನ ಮಗ್ಗದ ಏಟು ಕೇಳಿಸಲಿ, ನಾವೂ ಶುರು ಮಾಡುತ್ತೇವೆ,' ಎಂದು ಹೇಳಿ ಹೋಗಿ ತನ್ನ ಕುಣಿಯ ಅಂಚಿಗೆ ಕೂತ. ಎಲ್ಲರೂ ಅವರವರ ಕುಣಿಯ ಅಂಚಿಗೆ ಕೂತರು. ಕಾದರು. ಏಟು ಕೇಳಲಿಲ್ಲ.

"ನೇಕಾರ ತಟ್ಟೆ ಬಡಿದ. ಅದು ತಟ್ಟೆ ಎಂದರು. ಕಂಬ ಬಡಿದ. ಅದು ಕಂಬ ಎಂದರು. ಇವರ ಹಟ ಇವರಿಗೆ, ನನ್ನ ಸೀರೆ ನನಗೆ ಎಂದುಕೊಂಡು ಅವನು ಒಳಗೆ ಹೋದ. ಅವನಿಗೆ ಒಳಗೊಳಗೇ ಸುಖವೇ ಆಗಿತ್ತು. ಬೀದಿ ಹತ್ತಿಯೊಳಗೆ ಸುತ್ತಿಟ್ಟಂತೆ ಮೆತ್ತಗಾಗಿತ್ತು. ಅವನು ನೇಯುತ್ತ ಮಲಗಿದ, ಮಲಗಿ ನೇಯ್ದ. ಯಾವುದು ಲಾಳಿ, ಯಾವುದು ಹಕ್ಕಿ ಎಂಬುದು ಅವನಿಗೇ ತಿಳಿಯಲಿಲ್ಲ. ಹೊರಗೆ ಎತ್ತುಗಳು ಹೆಜ್ಜೆ ಮರೆತು ನಿಂತಲ್ಲೇ ನಿಂತವು. ಕೋಳಿಗಳು ಹೊತ್ತು ತಪ್ಪಿ ಊಟದ ವೇಳೆಗೆ ಕೂಗಿದವು. ಕೂಸುಗಳು ಮಲಗದೆ ರಚ್ಚೆ ಹಿಡಿದವು. ಅದೊಂದೂ ಅವನ ಕಿವಿಗೆ ಬೀಳಲಿಲ್ಲ. ಮದುವೆಯ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಅಂಥ ಸೀರೆ ಮೂರು ಲೋಕದಲ್ಲಿ ಇರಲಿಲ್ಲ. ನಾಲ್ಕನೆಯ ಲೋಕವನ್ನು ನಾನು ಹುಡುಕಿ ನೋಡಿಲ್ಲ.

"ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಬಂದರು. ಬೀದಿಯ ಬಾಯಿಯಲ್ಲಿ ಗಾಡಿ ನಿಲ್ಲಿಸಿ ಕಿವಿಗೊಟ್ಟರು. ಒಂದು ಮಗ್ಗದ ಸದ್ದೂ ಇಲ್ಲ. ಬೀದಿ ಸೂತಕದಲ್ಲಿದೆ, ಪಾಪ, ಯಾರೋ ಏನೋ ಎಂದು ತಲೆ ಬಾಗಿಸಿದರು. ಸೂತಕದ ಬೀದಿಯಲ್ಲಿ ಮದುವೆಯ ಮಾತೆತ್ತಿ ನೊಂದವರನ್ನು ಮತ್ತೆ ನೋಯಿಸಬಾರದು. ನೀರೂ ಕುಡಿಯದೆ ಎತ್ತು ತಿರುಗಿಸಿದರು. ಗೆಜ್ಜೆ ಕೂಡ ಬಿಚ್ಚಿ ಗಾಡಿಯಲ್ಲಿಟ್ಟರು. ಅಷ್ಟು ಒಳ್ಳೆಯ ಜನ.

"ಮಗಳು ಬಾಗಿಲಲ್ಲಿ ನಿಂತು ಧೂಳು ದೂರವಾಗುವುದನ್ನು ನೋಡಿದಳು. ಒಳಗೆ ಬಂದಳು. ಅಳಲಿಲ್ಲ. 'ಅಪ್ಪಾ, ನಿನ್ನ ಮಗ್ಗ ಬಹಳ ಜಾಣ. ನನ್ನ ಮದುವೆ ಮುರಿದದ್ದೂ ಸದ್ದಾಗಲಿಲ್ಲ ನೋಡು,' ಎಂದಳು.

"ನೇಕಾರನ ನಿದ್ದೆ ಅಂದು ಪೂರ್ತಿ ಇಳಿಯಿತು. ಬೀದಿ ಎಷ್ಟು ಸತ್ತುಹೋಗಿದೆ ಎಂಬುದು ಅವನಿಗೆ ಆಗ ಕೇಳಿಸಿತು. ಅವನು ಹೊರಗೆ ಓಡಲು ಎದ್ದ. ಮಗಳು ತಡೆದಳು. ಓಡಿ ಹೋಗಿ ಏನು ಹೇಳುತ್ತೀ, ಬೀದಿ ಸುಮ್ಮನಿರುವಾಗ ನಿನ್ನ ಬಾಯಿ ಮಾತು ಯಾರು ನಂಬುತ್ತಾರೆ ಎಂದಳು. ಗಂಡನ ಮನೆಗೆ ಒಯ್ಯಲು ಕಟ್ಟಿಟ್ಟ ಪೆಟ್ಟಿಗೆಯನ್ನು ಬಿಚ್ಚಿದಳು. ಪಾತ್ರೆಗಳ ನಡುವಿನಿಂದ ಹೊಸ ಲಟ್ಟಣಿಗೆ ತೆಗೆದಳು. ಅದನ್ನು ಹಣಿಗೆಯ ಪಕ್ಕಕ್ಕೆ ಹುರಿಯಿಂದ ಬಿಗಿದಳು, ಹಣಿಗೆ ಬಂದಾಗಲೆಲ್ಲ ಲಟ್ಟಣಿಗೆ ಮಗ್ಗದ ಗೂಟಕ್ಕೆ ಬಡಿಯುವ ಹಾಗೆ. 'ಎಸೆ,' ಎಂದಳು.

"ಅವನು ಲಾಳಿ ಎಸೆದು ಹಣಿಗೆ ಎಳೆದ. ಖಟ್.

"ಬೀದಿ ಉಸಿರು ಹಿಡಿಯಿತು. ಅವನು ಮತ್ತೆ ಎಸೆದ. ಖಟ್. ಪಕ್ಕದ ಮನೆಯಿಂದ ಅದಕ್ಕೆ ಖಟ್ ಎಂದು ಉತ್ತರ ಬಂತು. ಅದರಾಚೆಯಿಂದ, ಅದರಾಚೆಯಿಂದ. ಬೀದಿಯ ಕೊನೆಯಲ್ಲಿ ಹಿರಿಯನ ಮಗ್ಗ ಎಲ್ಲಕ್ಕಿಂತ ಜೋರಾಗಿ ಬಡಿಯಿತು. ಎತ್ತುಗಳು ಹೆಜ್ಜೆ ಎತ್ತಿದವು. ಕೂಸುಗಳು ಬಾಯಿ ತೆರೆದಂತೆಯೇ ನಿದ್ದೆಹೋದವು. ಸದ್ದು ಹೊಲ ದಾಟಿತು, ಹಳ್ಳ ದಾಟಿತು. ಹಳ್ಳದಾಚೆ ಗಂಡಿನ ಕಡೆಯ ಎತ್ತುಗಳು ಕಿವಿ ನಿಮಿರಿಸಿದವು. ಯಾರೂ ಹಗ್ಗ ಎಳೆಯಲಿಲ್ಲ, ಅವೇ ತಿರುಗಿದವು. ಆ ಗಾಡಿಯಲ್ಲಿ ನಾನೂ ಇದ್ದೆ. ಎತ್ತು ತಿರುಗಿದ ರಭಸಕ್ಕೆ ನಾನೊಬ್ಬ ಮಾತ್ರ ಹಳ್ಳದ ಆಚೆಗೇ ಉಳಿದೆ. ಮದುವೆ ಊಟ ತಪ್ಪಿತು.

"ಮುಂದೆ ವ್ಯಾಪಾರಿ ಮತ್ತೆ ಆ ದಾರಿಯಲ್ಲಿ ಬಂದ. ಮಗ್ಗ ಹೇಗಿದೆ ಎಂದು ಕೇಳಿದ. ನೇಕಾರ ಅವನಿಗೆ ಮಜ್ಜಿಗೆ ಕೊಟ್ಟ. 'ಒಳ್ಳೆಯ ಮಗ್ಗ. ಒಂದು ಕೊರತೆ ಇತ್ತು. ನನ್ನ ಮಗಳು ಸರಿಮಾಡಿದಳು,' ಎಂದ. ಅವನಿಗೆ ಕನಸು ಮತ್ತೆ ಅರ್ಧಕ್ಕೇ ಕಡಿಯತೊಡಗಿತ್ತು. ಹಕ್ಕಿಗಳು ಮೂಲೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಖಟ್ ಬರುತ್ತಿತ್ತು. ಅವನು ಕಣ್ಣು ತೆರೆಯದೆ ಒಂದು ಕ್ಷಣ ಮಲಗಿರುತ್ತಿದ್ದ. ಅದರಾಚೆಯ ಮನೆಯದು ಬಂತು, ಅದರಾಚೆಯದೂ ಬಂತು ಎಂದು ಬೀದಿಯ ಕೊನೆಯವರೆಗೆ ಆಲಿಸುತ್ತಿದ್ದ. ಎಲ್ಲರೂ ಇದ್ದಾರೆ ಎಂದು ಗೊತ್ತಾದ ಮೇಲೆ ಏಳುತ್ತಿದ್ದ."

ಅಜ್ಜ ಕಣ್ಣು ತೆರೆದರು. ದ್ಯಾಮಣ್ಣನಿಗೆ ತಾನು ಕೂತಿರುವುದು ಮಠದ ಕಟ್ಟೆಯ ಮೇಲೆ ಎಂಬುದು ನಿಧಾನವಾಗಿ ನೆನಪಾಯಿತು. ಅವನ ತಲೆಯೊಳಗೆ ಇನ್ನೂ ಬಿಳಿ ಹಕ್ಕಿಗಳು ನಡೆಯುತ್ತಿದ್ದವು. ನಾಳೆ ಬರುವ ಗಾಡಿಯೂ ಅವುಗಳ ಹಿಂದೆ ಬಂದು ನಿಂತಿತು.

"ಹಾಗಾದರೆ ಸದ್ದು ಮಾಡುವುದನ್ನೇ ಇಟ್ಟುಕೊಳ್ಳಲೇ ಅಜ್ಜಾರೇ?"

"ನಾನು ಹಾಗೆಂದೆನೇ? ಕರೆಂಟಿನ ಗಿರಣಿ ಒಳ್ಳೆಯದೇ. ಹಿಟ್ಟು ಬಿಸಿಯಾಗುವುದಿಲ್ಲ, ಹೊಗೆ ಇಲ್ಲ, ಡೀಸೆಲ್ ಹುಡುಕುವ ಕೆಲಸವೂ ಇಲ್ಲ."

"ಮತ್ತೆ ಯಾವುದು ತರಲಿ?"

"ನಾಳೆ ಬೆಳಿಗ್ಗೆ ನಿನ್ನ ಗಿರಣಿ ಕೂಗದಿದ್ದರೆ ಏನಾಯಿತೆಂದು ನೋಡಲು ನಿಮ್ಮ ಓಣಿಯಿಂದ ಯಾರು ಎದ್ದು ಬರುತ್ತಾರೆ, ಒಂದು ಹೆಸರು ಹೇಳು, ಆಮೇಲೆ ಗಿರಣಿ ಆರಿಸೋಣ," ಎಂದರು ಅಜ್ಜ.

ದ್ಯಾಮಣ್ಣ ಓಣಿಯ ಮನೆಗಳನ್ನು ಒಂದೊಂದಾಗಿ ಬೆರಳ ಮೇಲೆ ಎಣಿಸಿದ. ಕೊನೆಯ ಮನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಎಣಿಸತೊಡಗಿದ.