ಹಿಂಡದ ಸೀರೆ

ಮಲಪ್ರಭೆಯ ದಂಡೆಯಲ್ಲಿ ವಿರೂಪಾಕ್ಷಯ್ಯ ಎಂಬ ಮುದಿ ವೈದ್ಯರ ಆಶ್ರಮವಿತ್ತು. ಮಿದುಳಲ್ಲಿ ಗಡ್ಡೆ ಬೆಳೆದವರು, ಆಪರೇಷನ್ ಆದ ಮೇಲೂ ಆಸ್ಪತ್ರೆಯವರು ಕೈಚೆಲ್ಲಿ ಕಳಿಸಿದವರು ಅಲ್ಲಿಗೆ ಬರುತ್ತಿದ್ದರು.

ಶಿಷ್ಯ ಮಲ್ಲಿನಾಥ ಬಂದ ಮೊದಲ ದಿನವೇ ಗುರುಗಳು ಅವನನ್ನು ಹೊಳೆಯ ಮೆಟ್ಟಿಲ ಮೇಲೆ ನಿಲ್ಲಿಸಿದರು.

"ವಯಸ್ಸೆಷ್ಟು, ಎಂಥಾ ಗಡ್ಡಿ, ಎಷ್ಟು ತಗದಾರ, ಎಲ್ಲಾ ಕೇಳು. ಆದ್ರ ಜಳಕಾ ಮಾಡಿದ ಮ್ಯಾಲೆ ತಮ್ಮ ಬಟ್ಟಿ ತಾವ ಹಿಂಡತಾರೇನು, ಅದನ್ನ ನೋಡೂದು ಮರೀಬ್ಯಾಡ. ಎಷ್ಟು ದಿನ ಉಳೀತಾರ ಅನ್ನೂದನ್ನ ಆ ಕೈನ ಹೇಳತೈತಿ."

ಮಲ್ಲಿನಾಥ ಚುರುಕಿನವನು, ತುಸು ಹೆಮ್ಮೆಯವನೂ ಹೌದು. ಎರಡು ವರ್ಷದಲ್ಲಿ, ಯಾರು ಎಷ್ಟು ದಿನ ಉಳಿದಾರು ಎಂಬ ಅವನ ಅಂದಾಜು ತಪ್ಪುವುದೇ ಅಪರೂಪವಾಯಿತು. ಯಾರಾದರೂ ರೋಗಿಗೆ ಬಟ್ಟೆ ಹಿಂಡಿಕೊಡಲು ಹೋದರೆ ಗದರುತ್ತಿದ್ದ.

"ಮುಟ್ಟಬ್ಯಾಡ್ರಿ. ನೀವು ಹಿಂಡಿದ್ರ ನನಗೇನು ತಿಳೀತೈತಿ?"

ಗುರುಗಳಿಗೆ ಇದು ಗೊತ್ತಿರಲಿಲ್ಲ. ಮಂಡಿನೋವು ಹೆಚ್ಚಾಗಿ ಅವರು ಹೊಳೆಗೆ ಇಳಿಯುವುದನ್ನು ಬಿಟ್ಟಿದ್ದರು.

ಆ ಬೇಸಿಗೆಯಲ್ಲಿ ಮಲ್ಲಿನಾಥನ ಅಕ್ಕ ಶಾರವ್ವನೇ ರೋಗಿಯಾಗಿ ಬಂದಳು. ತಾಯಿ ತೀರಿದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು.

ಮೊದಮೊದಲು ಸೀರೆಯನ್ನು ಹಗ್ಗದ ಹಾಗೆ ತಿರುಚಿ ಹಿಂಡುತ್ತಿದ್ದಳು. ಆಮೇಲೆ ಎಡಗೈ ಸೋಲತೊಡಗಿತು. ಒಂದು ಬೆಳಿಗ್ಗೆ ಒದ್ದೆ ಸೀರೆ ಕೈಜಾರಿ ಮೆಟ್ಟಿಲ ಮೇಲೆ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು, ಮತ್ತೂ ಒಮ್ಮೆ ಬಿತ್ತು.

ಮಲ್ಲಿನಾಥ ನಿಂತು ನೋಡಿದ. ತಿಳಿಯಬೇಕಾದದ್ದು ತಿಳಿಯಿತು. ಅಳು ತಡೆಯಲಾರದೆ ಗುರುಗಳ ಬಳಿ ಓಡಿದ.

"ಅಜ್ಜಾರ, ನನ್ನ ಅಂದಾಜು ತಪ್ಪೈತಿ ಅನ್ರಿ."

"ಏನಂತೈತಿ ನಿನ್ನ ಅಂದಾಜು?"

"ಅಕ್ಕ ದೀಪಾವಳಿ ಕಾಣಂಗಿಲ್ಲ ಅಂತೈತಿ."

ಗುರುಗಳು ಅವಳ ವಯಸ್ಸು ಕೇಳಿದರು. ಗಡ್ಡೆಯ ಜಾತಿ ಕೇಳಿದರು, ಎಷ್ಟು ಉಳಿದಿದೆ ಎಂದು ಕೇಳಿದರು. ಎಡಗೈಯಿಂದ ಸೀರೆ ಜಾರಿದ ಮಾತು ಕೇಳಿ ಕಣ್ಣು ಮುಚ್ಚಿದರು.

"ತಪ್ಪಿಲ್ಲಪಾ."

"ಏನರೆ ಔಷಧ?"

"ಇದ್ದಿದ್ರ ಕೊಡತಿದ್ನಿಲ್ಲೋ? ನನ್ನ ಹತ್ರ ಇಲ್ಲ."

ಮಲ್ಲಿನಾಥ ಅಳುತ್ತಲೇ ಗುರುಗಳ ಮೇಲೆ ಹರಿಹಾಯ್ದ.

"ಹಂಗಾರ ಇದನ್ನ ಯಾಕ ಕಲಿಸಿದ್ರಿ? ಅಕ್ಕನ ಸಾವು ಎಲ್ಲಾರಕಿಂತ ಮೊದಲ ನನಗ ತಿಳೀಲಿ ಅಂತೇನು?"

ಗುರುಗಳು ಕಣ್ಣು ತೆರೆದರು. ಅವನ ಕಡೆ ತಿರುಗಿ ಕೇಳಿದರು.

"ಸೀರಿ ಎಷ್ಟು ಸಲ ಬಿತ್ತು?"

"ಮೂರು ಸಲ."

"ಅವಾಗ ನೀ ಎಲ್ಲಿದ್ದಿ?"

"ಮ್ಯಾಲಿನ ಮೆಟ್ಟಿಲ ಮ್ಯಾಲೆ. ನೋಡಕೋತ ನಿಂತಿದ್ದೆ."

"ಯಾರೂ ಹಿಂಡಿಕೊಡಲಿಲ್ಲೇನು?"

"ನಾನ ಬ್ಯಾಡ ಅಂದೀನ್ರಿ. ಎರಡು ವರ್ಷದಿಂದ ಯಾರಿಗೂ ಬಿಟ್ಟಿಲ್ಲ."

ಗುರುಗಳ ಮುಖ ಕಪ್ಪಿಟ್ಟಿತು. ಕೋಲು ಹಿಡಿದು, ನರಳುತ್ತ ಎದ್ದು ಬಾಗಿಲಿಗೆ ಬಂದರು. ಅಲ್ಲಿಂದ ಹೊಳೆ ಕಾಣುತ್ತಿತ್ತು.

"ನೋಡಾಕ ಕಲಿಸಿದೆ, ಅಷ್ಟಕ್ಕ ಬಿಟ್ಟೆ. ಅದು ನನ್ನ ತಪ್ಪು," ಎಂದರು. "ಆಕಿ ಇನ್ನೂ ಅಲ್ಲೇ ನಿಂತಾಳ. ಸೀರೀದೊಂದು ತುದಿ ಹಿಡಿ, ಹೋಗು."